ಲಾಂಡ್ರಿಯವಳ ಮಾತು

ಒಂಬತ್ತನೆಯ ಅಧ್ಯಾಯವನ್ನು ಎಲ್ಲಿ ಬಚ್ಚಿಡುವುದು ಎಂದು ಅವನು ಹಲ್ಲುಜ್ಜುತ್ತಲೇ ಯೋಚಿಸುತ್ತಿದ್ದ. ಕೈಬರಹದ ಹನ್ನೆರಡು ಪುಟ, ಅಷ್ಟೆ. ಮಡಿಸಿದರೆ ಕೋಟಿನ ಒಳಜೇಬಿಗೆ ಹಿಡಿಸುತ್ತದೆ, ಆದರೆ ಕೋಟು ತೊಡುವುದನ್ನು ಬಿಟ್ಟು ಹದಿನಾಲ್ಕು ವರ್ಷವಾಯಿತು. ಕನ್ನಡಿಯಲ್ಲಿ ನಿಂತಿದ್ದವನು ಬನಿಯನ್ ತೊಟ್ಟ, ಬಾಯಲ್ಲಿ ನೊರೆ ತುಂಬಿಕೊಂಡ, ಅರವತ್ತು ದಾಟಿದ ಒಬ್ಬ ಸಾಧಾರಣ ಮನುಷ್ಯ. ಹಿಂದೆ ಇದೇ ಹೊತ್ತಿಗೆ ಅವನು ಮನೆಗೆ ಬರುತ್ತಿದ್ದ. ಇದೇ ಕನ್ನಡಿಯ ಮುಂದೆ ನಿಂತು ಕಣ್ಣಿನ ಕಪ್ಪನ್ನೂ ಕೆನ್ನೆಯ ಬೆಳ್ಳಿ ಪುಡಿಯನ್ನೂ ಒರೆಸಿ, ಬೆಳಗಿನ ಬಿಸಿಲಿಗೆ ಪರದೆ ಎಳೆದು ಮಲಗುತ್ತಿದ್ದ. ಆಗ ಅವನಿಗೆ ನವಿಲು ಎಂದು ಹೆಸರು. ಹೊಳೆದಂಡೆಯ ಕುಣಿತದ ಕ್ಲಬ್ಬಿನಲ್ಲಿ ಮಿಣುಕು ಬಿಲ್ಲೆಗಳನ್ನು ಹೊಲಿದ ಕೋಟು ತೊಟ್ಟು, ಮೈಕು ಹಿಡಿದು, ಬಂದವರನ್ನು ನಗಿಸಿ, ಬಾರದವರನ್ನು ಬೈದು, ಹಾಡುವವರನ್ನು ಹೆಸರಿಟ್ಟು ಕರೆಯುವುದು ಅವನ ಕೆಲಸ. ಕೋಟಿನ ಬೆನ್ನು ಮೊದಲು ಕಾಣಲಿ ಎಂದು ಅವನು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಮುಖಕ್ಕಿಂತ ಬೆನ್ನಿಗೇ ಹೆಚ್ಚು ಚಪ್ಪಾಳೆ ಬೀಳುತ್ತಿತ್ತು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದಾನೆ. ಆ ವಾಕ್ಯ ಅವನಿಗೆ ಬಹಳ ಇಷ್ಟ. ಬಾಯಿ ಮುಕ್ಕಳಿಸಿ ಉಗುಳಿ ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ.  ಒಳಗೆ ಅಕ್ಕ ದೇವರ ಮುಂದೆ ಕೂತು ಏನನ್ನೋ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅವಳು ಏಳುವುದರೊಳಗೆ ಕೆಲಸ ಮುಗಿಯಬೇಕು.

ಇದಕ್ಕೆಲ್ಲ ಕಾರಣ ಪ್ರೆಸ್ಸಿನವರು ಎಂದು ಅವನು ಮೂರು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಲ್ಲಿ ಒಂದು ಕ್ರಮವಿದೆ. ಪ್ರೂಫು ತಿದ್ದುವಾಗ ಒಬ್ಬರು ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲು ಓಡಿಸಿಕೊಂಡು ಹೋಗಬೇಕು. ಹಾಗೆ ಓದಿ ಹೇಳುವ ಹೆಂಗಸು ಹೆರಿಗೆಗೆಂದು ರಜೆ ಹಾಕಿದ್ದಳು. ಮನೆಯಲ್ಲೇ ಯಾರ ಕೈಲಾದರೂ ಓದಿಸಿ, ಗುರುವಾರ ನಾಲ್ಕು ಗಂಟೆಗೆ ತಂದುಕೊಡಿ, ಶುಕ್ರವಾರ ಬೆಳಿಗ್ಗೆ ಮೆಷಿನ್ನಿಗೆ ಹೋಗುತ್ತದೆ ಎಂದು ಪ್ರೆಸ್ಸಿನ ಮಾಲೀಕರು ಹಾಳೆಗಳ ಕಟ್ಟನ್ನು ಕೈಗಿಟ್ಟರು. ಎದುರು ಮನೆಯ ಮೇಷ್ಟ್ರನ್ನು ಕೇಳೋಣವೆಂದರೆ ಅವರು ಹಿಂದಿನ ವಾರವಷ್ಟೇ ಮುಂದಿನ ನಾಲ್ಕು ಹಲ್ಲು ಕೀಳಿಸಿಕೊಂಡು ಕೂತಿದ್ದರು. ಪೂರ್ಣವಿರಾಮ ಎನ್ನಲು ಹೋಗಿ ಅವನ ಮುಖಕ್ಕೆಲ್ಲ ಉಗುಳಿದರು. ಆಗ ಅಕ್ಕ, ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ, ತಾನು ಓದುತ್ತೇನೆ ಕೊಡು ಎಂದಳು. ಬೇಡವೆನ್ನಲು ಅವನಿಗೆ ಒಂದೇ ಒಂದು ಕಾರಣವಿತ್ತು, ಅದನ್ನು ಹೇಳುವ ಹಾಗಿರಲಿಲ್ಲ.

ಮೂರು ದಿನದಲ್ಲಿ ಎಂಟು ಅಧ್ಯಾಯ ಮುಗಿದಿದ್ದವು. ಅಕ್ಕ ಓದುವುದನ್ನು ಕೇಳುತ್ತಿದ್ದರೆ ಅವನಿಗೆ ತನ್ನ ಬದುಕು ಇನ್ನೊಬ್ಬರದೆಂಬಂತೆ ತೋರುತ್ತಿತ್ತು. ದೇವರ ಸ್ತೋತ್ರ ಓದುವ ರಾಗದಲ್ಲೇ ಅವಳು ಅವನ ಕುಡಿತವನ್ನು ಓದಿದಳು, ಜಗಳವನ್ನು ಓದಿದಳು, ಕಣ್ಣಿಗೆ ಹಚ್ಚಿದ ಕಪ್ಪನ್ನು ಓದಿದಳು, ಎಲ್ಲದಕ್ಕೂ ಒಂದೇ ತೂಕದ ಅಲ್ಪವಿರಾಮ ಹಾಕಿದಳು. ನಾಲ್ಕನೆಯ ಅಧ್ಯಾಯದಲ್ಲಿ ದೊಡ್ಡ ವ್ಯಾಪಾರಿಯೊಬ್ಬನ ನಕಲಿ ಕೂದಲು ಕುಣಿತದ ನಡುವೆ ಹಾರಿ ಪಕ್ಕದ ಹೆಂಗಸಿನ ಗ್ಲಾಸಿನೊಳಗೆ ಬಿದ್ದ ಪ್ರಸಂಗ ಓದಿ, ಪೂರ್ಣವಿರಾಮ, ಪಾಪ, ಎಂದಳು. ಪಾಪ ಎಂಬುದು ಅಚ್ಚಿನಲ್ಲಿ ಬಿಟ್ಟುಹೋಗಿದೆಯೆಂದು ಅವನು ಒಂದು ನಿಮಿಷ ಪೆನ್ಸಿಲು ಹಿಡಿದು ಹುಡುಕಿದ. ನಗು ಬಂತು. ಆದರೆ ನಗುವಿನ ಹಿಂದೆಯೇ ಇನ್ನೊಂದು ವಿಚಾರ ಬಂದು ಕೂತಿತು. ಎಂಟು ಅಧ್ಯಾಯದಲ್ಲಿ ಡ್ರಮ್ಮು ಬಾರಿಸುವವನಿದ್ದಾನೆ, ದೀಪ ಬಿಡುವವನಿದ್ದಾನೆ, ಬಾಗಿಲು ಕಾಯುವವನ ಮೂಗಿನ ನರಹುಲಿಗೂ ಒಂದು ಪ್ಯಾರಾ ಇದೆ. ಅಕ್ಕ ಎಂಬ ಮಾತು ಒಂದು ಕಡೆಯೂ ಇಲ್ಲ. ಅವಳು ಅದನ್ನು ಗಮನಿಸಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಅವಳು ಬರುವುದು ಒಂಬತ್ತನೆಯದರಲ್ಲಿ. ಅಲ್ಲೂ ಅಕ್ಕ ಎಂದಿಲ್ಲ.

ಹಾಸಿಗೆಯ ಒಂದು ಮೂಲೆ ಎತ್ತಿ ಹನ್ನೆರಡು ಪುಟಗಳನ್ನು ಅದರಡಿ ತಳ್ಳಿ, ಮೇಲೆ ಕೂತು, ಸರಿಯಾಗಿದೆಯೋ ಎಂದು ಎದ್ದು ನೋಡಿ, ಮತ್ತೆ ಕೂತ.  ಒಂಬತ್ತನೆಯದನ್ನು ಸಂಜೆ ಪ್ರೆಸ್ಸಿನಲ್ಲೇ ಕೂತು ತಾನೇ ನೋಡಿಕೊಂಡರಾಯಿತು. ಪುಸ್ತಕ ಬಂದಮೇಲೆ ಅಕ್ಕ ಅದನ್ನು ತೆರೆದು ಓದುವವಳಲ್ಲ, ಅವಳ ಕಣ್ಣಿಗೆ ಅಚ್ಚಿನ ಸಣ್ಣ ಅಕ್ಷರ ಆಗುವುದಿಲ್ಲ. ಹೀಗೆ ಲೆಕ್ಕ ಹಾಕಿದ ಮೇಲೂ ಸಮಾಧಾನವಾಗಲಿಲ್ಲ. ಅಕ್ಕ ಬರುವ ಆ ಮೂರು ಪುಟವನ್ನು ಕಿತ್ತು ಎಸೆಯಬಹುದಿತ್ತು. ಯಾಕೆ ಎಸೆಯಲಿಲ್ಲ? ಪ್ರೆಸ್ಸಿನ ಮಾಲೀಕರು, ಸುಲಭಕ್ಕೆ ನಗದ ಮನುಷ್ಯ, ಆ ಮೂರು ಪುಟ ಓದಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿದ್ದರು, ನಿಮ್ಮ ಪುಸ್ತಕ ಓಡುವುದಾದರೆ ಇದೊಂದರಿಂದಲೇ ಓಡುತ್ತದೆ ನೋಡಿ ಎಂದಿದ್ದರು. ನಿಜವನ್ನು ಹೇಳಬೇಕೆಂದರೆ, ಚಪ್ಪಾಳೆಯನ್ನು ಕೈಬಿಡುವುದು ಅವನಿಗೆ ಯಾವತ್ತೂ ಬಂದಿರಲಿಲ್ಲ.

ಆ ಮೂರು ಪುಟದಲ್ಲಿದ್ದದ್ದು ಮೂವತ್ತು ವರ್ಷದ ಹಿಂದಿನ ಒಂದು ಸಂಜೆ, ಕ್ಲಬ್ಬು ಶುರುವಾಗಿ ಹತ್ತು ವರ್ಷವಾದ ದಿನ. ಇನ್ನೂ ಹೊರಗೆ ಬೆಳಕಿತ್ತು, ಮೊದಲ ಆಟ. ಕ್ಲಬ್ಬಿನ ಹಾಲ್ ತುಂಬಿತ್ತು. ಹೊಸ ಕೋಟಿನ ತೋಳು ಮಧ್ಯಾಹ್ನ ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿದು, ಅದನ್ನು ಅಕ್ಕನ ಹತ್ತಿರ ಕಳಿಸಿದ್ದಾಗಿತ್ತು. ಐದೂವರೆಗೆ ಹಿಂದಿನ ಬಾಗಿಲಿಗೆ ತಂದುಕೊಡುತ್ತೇನೆ ಎಂದಿದ್ದಳು. ಅವನು ಹಳೆಯ ಕೋಟು ತೊಟ್ಟು ಮೈಕು ಹಿಡಿದು, ಹೊಸ ಕೋಟು ಹಡಗಿನಲ್ಲಿ ಬರುತ್ತಿದೆಯೆಂದೂ, ನನ್ನ ಕೋಟುಗಳನ್ನೆಲ್ಲ ಸಮುದ್ರದಾಚೆಯ ಒಬ್ಬ ಒಕ್ಕಣ್ಣಿನ ದರ್ಜಿ ಹೊಲಿಯುತ್ತಾನೆಂದೂ, ಅವನು ರಾಜರಿಗೆ ಬಿಟ್ಟರೆ ನನಗೊಬ್ಬನಿಗೇ ಹೊಲಿಯುವುದೆಂದೂ ದಿನಾ ಹೇಳುವ ಸುಳ್ಳನ್ನು ಹೇಳುತ್ತಿದ್ದ. ಹಿಂದಿನ ಬಾಗಿಲಿಗೆ ಅಡ್ಡಲಾಗಿ ಬಾಟಲಿಗಳ ಪೆಟ್ಟಿಗೆ ಜೋಡಿಸಿದ್ದರಂತೆ. ಜನರ ನಡುವೆ ಯಾರೋ ದಾರಿ ಮಾಡಿಕೊಂಡು ಬರುತ್ತಿರುವುದು ಕಂಡಿತು. ಮನೆಯಲ್ಲಿ ಉಡುವ ಹಳೆಯ ಬಟ್ಟೆ, ಕೈಯಲ್ಲಿ ಹಾಸುಬಟ್ಟೆಯ ಗಂಟು, ಕೊರಳಲ್ಲಿ ತೆಗೆಯುವುದನ್ನೇ ಮರೆತ ಅಳತೆ ಟೇಪು. ಆ ಟೇಪು ಕಂಡರೆ ಕೋಟು ಹೊಲಿಯುವವರು ಯಾರೆಂದು ಜನಕ್ಕೆ ತಿಳಿದುಹೋಗುತ್ತಿತ್ತು. ಅಕ್ಕ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೈಕು ತುಟಿಯ ಹತ್ತಿರವೇ ಇತ್ತು. ಅವನು ಹೇಳಿದ್ದು ಬೇರೆ. ದಾರಿ ಬಿಡಿ, ದಾರಿ ಬಿಡಿ, ನಮ್ಮ ಲಾಂಡ್ರಿಯವಳು ಬಂದಳು; ಹಡಗಿನಿಂದ ಕೋಟು ಬರಲು ಮೂರು ತಿಂಗಳು, ಇವಳ ಕೈಯಿಂದ ಬರಲು ಆರು ತಿಂಗಳು. ಹಾಲ್‌ನ ಚಾವಣಿ ಹಾರಿಹೋಗುವ ಹಾಗೆ ಜನ ನಕ್ಕರು. ಅಷ್ಟು ನಗು ಅವನ ಇಪ್ಪತ್ತೆರಡು ವರ್ಷದಲ್ಲಿ ಮತ್ತೆಂದೂ ಬೀಳಲಿಲ್ಲ. ಅವಳೂ ನಕ್ಕಳು ಎಂದು ಅವನಿಗೆ ನೆನಪು. ಆದರೆ ಮಾರನೆಯ ದಿನ ಅವಳು ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ, ಹಾಗೆಯೇ ಮೂವತ್ತು ವರ್ಷ ಕಳೆಯಿತು. ಊಟಕ್ಕೆ ಬಡಿಸುವಾಗ ಅವಳ ಕೈ ಒಂದು ಗಳಿಗೆ ನಿಂತರೂ ಇವತ್ತು ಅದನ್ನು ಎತ್ತುತ್ತಾಳೆ ಎಂದು ಅವನ ತುತ್ತು ನಿಲ್ಲುತ್ತಿತ್ತು.

“ಕೂತ್ಕೋ, ಹೊತ್ತಾಯ್ತು,” ಎಂದಳು ಅಕ್ಕ. ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಹತ್ತಿರ ಯಂತ್ರ, ಗೋಡೆಗೆ ನೇತುಹಾಕಿದ ಬೇರೆಯವರ ಪ್ಯಾಂಟುಗಳು, ಜಿಪ್ಪು ಕೆಟ್ಟವು, ಸೊಂಟ ಹಿಡಿಯಬೇಕಾದವು. ಎಪ್ಪತ್ತೊಂದನೆಯ ವಯಸ್ಸಿನಲ್ಲೂ ಅವಳು ದಿನಕ್ಕೆ ನಾಲ್ಕು ಸೊಂಟ ಹಿಡಿಯುತ್ತಾಳೆ. ಮೂಗಿನ ಮೇಲೆ ದಪ್ಪ ಕನ್ನಡಕ ಇಟ್ಟು, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಅವನು ಕೊಟ್ಟ ಕೈಬರಹದ ಕಟ್ಟನ್ನು ಬಿಚ್ಚಿದಳು. ಅಧ್ಯಾಯ ಹತ್ತು, ಎಂದು ಓದಿದಳು. ಮುಂದಕ್ಕೆ ಓದಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ಹಾಳೆಗಳನ್ನು ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಅವನು ಕಿಟಕಿಯ ಹೊರಗೆ ನೋಡಿದ. ಎದುರು ಮನೆಯ ಮೇಷ್ಟ್ರು ಬಾಯಿಗೆ ಕರವಸ್ತ್ರ ಹಿಡಿದು ಗಿಡಕ್ಕೆ ನೀರು ಹಾಕುತ್ತಿದ್ದರು.

“ನಿನ್ನೆ ನೂರ ಹನ್ನೆರಡಕ್ಕೆ ನಿಲ್ಲಿಸಿದ್ವಿ. ಇದು ನೂರ ಇಪ್ಪತ್ತೈದು,” ಎಂದಳು. “ನಡುವಿನ ಹನ್ನೆರಡು ಎಲ್ಲೋ?”

ಅದನ್ನು ಪ್ರೆಸ್ಸಿನಲ್ಲೇ ನೋಡಿ ಮುಗಿಸಿದ್ದಾರೆ ಎಂದು ಅವನು ಹೇಳಿದ. ಇಪ್ಪತ್ತೆರಡು ವರ್ಷ ಸಾವಿರ ಜನರ ಎದುರು ಸಲೀಸಾಗಿ ಸುಳ್ಳು ಹೇಳಿದ ಬಾಯಿ ಈ ಒಂದು ವಾಕ್ಯದಲ್ಲಿ ಎರಡು ಸಲ ಎಡವಿತು.

“ಒಂದು ತೋಳು ಕಮ್ಮಿ ಬಿದ್ರೆ ಹೊಲಿಯೋರಿಗೆ ಗೊತ್ತಾಗಲ್ವಾ? ಹೋಗು, ಹಾಸಿಗೆ ಕೆಳಗಿಂದ ತಗೊಂಡು ಬಾ.”

ಅವನು ಎದ್ದುಹೋಗಿ ತಂದ. ಹಾಸಿಗೆಯ ಕೆಳಗೆ ಎಂದು ಹೇಗೆ ತಿಳಿಯಿತೆಂದು ಕೇಳಲಿಲ್ಲ. ಚಿಕ್ಕಂದಿನಲ್ಲಿ ಕಡಿಮೆ ಅಂಕ ಬಂದ ಕಾಗದಗಳನ್ನೂ ಅಲ್ಲೇ ಇಡುತ್ತಿದ್ದ. ಮೂಲೆ ಮಡಚಿದ ಹಾಳೆಗಳನ್ನು ಅವಳು ತೊಡೆಯ ಮೇಲೆ ಹರಡಿ, ಅಂಗೈಯಿಂದ ಇಸ್ತ್ರಿ ಮಾಡಿದ ಹಾಗೆ ಸವರಿ, ಓದತೊಡಗಿದಳು. ಅವನು ಪೆನ್ಸಿಲು ಹಿಡಿದ. ಅಕ್ಷರಗಳು ಕಾಣುತ್ತಿದ್ದವು, ಅವುಗಳ ಅರ್ಥ ತಲೆಗೆ ಹೋಗುತ್ತಿರಲಿಲ್ಲ. ನನ್ನ ಕೋಟುಗಳೆಲ್ಲ, ಅಲ್ಪವಿರಾಮ, ಎಂದು ಅಕ್ಕ ಓದಿದಳು, ಸಮುದ್ರದಾಚೆಯ ಒಬ್ಬ ಒಕ್ಕಣ್ಣಿನ ದರ್ಜಿಯ ಕೈಯಿಂದ ಬಂದವು, ಪೂರ್ಣವಿರಾಮ. ದನಿಯಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ವೇದಿಕೆಯ ಮೇಲೆ ಹೇಳಿದ ಸುಳ್ಳನ್ನು ಪುಸ್ತಕದಲ್ಲಿ ಯಾಕೆ ಹಾಗೆಯೇ ಇಳಿಸಿದೆ ಎಂದು ಅವನು ತನ್ನನ್ನು ಕೇಳಿಕೊಂಡ. ಹೇಳಿ ಹೇಳಿ ರೂಢಿಯಾಗಿ ಬರೆಯುವಾಗ ಕೈ ತಾನಾಗಿ ಬರೆದುಬಿಟ್ಟಿತ್ತು. ಆ ದರ್ಜಿಯ ಒಂದು ಕಣ್ಣು ಹೇಗೆ ಹೋಯಿತೆಂದು ಕೂಡ ಅವನಿಗೆ ಗೊತ್ತಿತ್ತು. ಅಕ್ಕನ ಕಣ್ಣಿಗೆ ಯಾವಾಗಿನಿಂದ ಈ ದಪ್ಪ ಕನ್ನಡಕ ಬಂತು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅಕ್ಕ ಆ ಪುಟ ಮುಗಿಸಿ, ತಿರುವಿಹಾಕಿ, ನೀರು ಕುಡಿದಳು. “ಆ ದರ್ಜಿಗೆ ಬೆನ್ನು ನೋವಿತ್ತೋ ಇಲ್ಲವೋ ನೀನು ಬರೆದಿಲ್ಲ,” ಎಂದಳು.

 ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು, ಯಾವುದೋ ಗಿರಾಕಿಯ ವಿಷಯ ಹೇಳುವಂತೆ, ಒಂದು ಸಂಗತಿ ಹೇಳಿದಳು. ಮಿಣುಕು ಹೊಲಿಯುವುದು ಬೇಸರದ ಕೆಲಸವಂತೆ, ಒಂದೊಂದನ್ನೂ ಕೈಯಲ್ಲೇ ಹಿಡಿದು ಎರಡು ಸಲ ದಾರ ಹಾಕಬೇಕು, ಒಂದು ಕೋಟಿಗೆ ಆರೇಳು ಸಾವಿರ. ಅದಕ್ಕೇ ಅವಳು ಒಂದೊಂದು ಮಿಣುಕಿಗೂ ಒಂದೊಂದು ಸಲ ದೇವರ ಹೆಸರು ಹೇಳಿಕೊಂಡು ಹೊಲಿಯುತ್ತಿದ್ದಳಂತೆ. ಒಂದು ಕೂಡ ಬಿಟ್ಟಿಲ್ಲ. ಹೇಳಲು ಮರೆತರೆ ಬಿಚ್ಚಿ ಮತ್ತೆ ಹೊಲಿದದ್ದೂ ಉಂಟು. ಹಗಲೆಲ್ಲ ಮಲಗುವ ತಮ್ಮನನ್ನು ದೇವರ ಮುಂದೆ ಕೂರಿಸುವುದಂತೂ ಆಗುವುದಿಲ್ಲ, ದೇವರ ಹೆಸರನ್ನು ಅವನ ಬೆನ್ನಿಗಾದರೂ ಕಟ್ಟಿ ಕಳಿಸೋಣ ಎಂದುಕೊಂಡಳಂತೆ.

“ಹಾಗಾದ್ರೆ ನಾನು ಕುಣಿದದ್ದೆಲ್ಲ ಆ ಹೆಸರು ಹೊತ್ಕೊಂಡೇನಾ?”

“ಹೂಂ. ಚರಂಡೀಲಿ ಬಿದ್ದಿದ್ಯಲ್ಲ, ಆವಾಗ್ಲೂ.”

 ಹನ್ನೊಂದು ಕೋಟು. ಒಂದನ್ನು ಅಮಲಿನಲ್ಲಿ ಯಾರಿಗೋ ಕೊಟ್ಟುಬಿಟ್ಟಿದ್ದ. ಒಂದರ ಮೇಲೆ ಕೂತು ಇಸ್ಪೀಟಾಡಿದ್ದ. ಹಿಮ್ಮುಖವಾಗಿ ಇಳಿದು ಬರುವಾಗ ಜನ ಕೈತಟ್ಟಿದ್ದು ಯಾವುದಕ್ಕೆ ಎಂದು ಯೋಚಿಸಿದರೆ ಈಗ ಅಂಜಿಕೆಯೂ ಆಗುತ್ತಿತ್ತು, ಯಾಕೋ ಹಗುರವೂ ಆಗುತ್ತಿತ್ತು. ಅಷ್ಟು ವರ್ಷ ಅಷ್ಟು ಕೆಟ್ಟ ದಾರಿಯಲ್ಲಿ ಒಂದು ಸಲವೂ ಕಾಲು ಮುರಿಯಲಿಲ್ಲವಲ್ಲ ಎಂದು ಡ್ರಮ್ಮಿನವನು ಆಗಾಗ ಅಚ್ಚರಿಪಡುತ್ತಿದ್ದ. ಡ್ರಮ್ಮಿನವನು ಹೋಗಿ ಹನ್ನೊಂದು ತಿಂಗಳಾಯಿತು. ಅವನಿದ್ದಾಗ ನವಿಲು ಒಂದು ಜೋಕು ಹೇಳಿದರೆ ಹಿಂದಿನಿಂದ ತಾಳದ ತಟ್ಟೆಗೆ ಟಣ್ ಎಂದು ಒಂದೇಟು ಬೀಳುತ್ತಿತ್ತು. ಜನಕ್ಕೆ ಎಲ್ಲಿ ನಗಬೇಕೆಂದು ತಿಳಿಯುತ್ತಿದ್ದದ್ದು ಆ ಏಟಿನಿಂದಲೇ. ಮಣ್ಣು ಮಾಡಿ ಬಂದ ದಿನದಿಂದ ಅವನ ಮಾತುಗಳೆಲ್ಲ ಸದ್ದಿಲ್ಲದೆ ನೆಲಕ್ಕೆ ಬೀಳುತ್ತಿವೆ. ಆ ಮೌನ ತುಂಬಲೆಂದೇ ಅವನು ಬರೆಯಲು ಕೂತದ್ದು. ದೇವರು ಕೊಟ್ಟದ್ದನ್ನು ಯಾವ ಹೊತ್ತಿಗೆ ಯಾಕೆ ತೆಗೆದುಕೊಳ್ಳುತ್ತಾನೆಂದು ಯಾರನ್ನು ಕೇಳುವುದು.

ಅಕ್ಕ ಮುಂದೆ ಓದುತ್ತಿದ್ದಳು. ದಾರಿ ಬಿಡಿ, ಅಲ್ಪವಿರಾಮ, ದಾರಿ ಬಿಡಿ, ಅಲ್ಪವಿರಾಮ, ನಮ್ಮ ಲಾಂಡ್ರಿಯವಳು ಬಂದಳು. ಅವನು ಪೆನ್ಸಿಲನ್ನು ಎಷ್ಟು ಒತ್ತಿ ಹಿಡಿದಿದ್ದನೆಂದರೆ ಮೊನೆ ಮುರಿಯಿತು. ಮೂವತ್ತು ವರ್ಷದ ಹಿಂದೆ ತಾನು ಅವಳಿಗೆ ಅಂದ ಮಾತನ್ನು ಅವಳ ಬಾಯಿಂದಲೇ ಕೇಳಬೇಕಾಯಿತಲ್ಲ. ಇನ್ನು ಕ್ಷಮಿಸು ಎನ್ನಬೇಕು, ಈಗ ಎನ್ನಬೇಕು, ಪ್ಯಾರಾ ಮುಗಿದ ಕೂಡಲೇ ಎನ್ನಬೇಕು ಎಂದು ಅವನು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿರುವಾಗ ಓದುವುದು ನಿಂತಿತು. ತಲೆಯೆತ್ತಿ ನೋಡಿದ. ಅಕ್ಕನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಅವನು ಅರ್ಧ ಎದ್ದ. ಅವಳು ನಗುತ್ತಿದ್ದಳು. ಕನ್ನಡಕ ತೆಗೆದು, ಸೆರಗಿನಲ್ಲಿ ಕಣ್ಣೊರೆಸಿ, ಮತ್ತೆ ಹಾಳೆ ನೋಡಿ, ಮತ್ತೆ ನಕ್ಕಳು. ಆಮೇಲೆ ಹಾಳೆಯನ್ನು ತಿರುವಿ, ಹಿಂದೆಯೂ ನೋಡಿ, ಅವಳ ನಗು ಇಳಿಯಿತು.

“ಇದೇನೋ, ಅರ್ಧಕ್ಕೇ ಬಿಟ್ಟಿದ್ದೀಯ,” ಎಂದಳು. “ನಾನು ಹೇಳಿದ್ದೆಲ್ಲಿ?”

ನೀನು ಏನು ಹೇಳಿದೆ ಎಂದು ಅವನು ಕೇಳಿದ. ನಿಜವಾಗಿ ಅವನಿಗೆ ಗೊತ್ತಿರಲಿಲ್ಲ. ಅಕ್ಕ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಅಂದು ಅವನು ಲಾಂಡ್ರಿಯವಳು ಎಂದಾಗ ಜನ ನಕ್ಕರಂತೆ, ಹೌದು, ಆದರೆ ಸಾಧಾರಣ ನಗು. ಆಮೇಲೆ ಅವನು ತಮಾಷೆಗೆಂದು ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದನಂತೆ, ನಾಚಿ ಓಡಿಹೋಗಲಿ ಎಂದು. ಅವಳು ಓಡಲಿಲ್ಲ. ಗಂಟನ್ನು ಅವನ ಕೈಗೆ ಕೊಟ್ಟು, ಮೈಕಿನಲ್ಲಿ ಒಂದು ಮಾತು ಹೇಳಿದಳು.

“ಕೋಟು ಒಗೆದು ತಂದಿದ್ದೀನಿ ಸ್ವಾಮಿ. ಒಳಗಿರೋರನ್ನ ಒಗೆಯೋಕೆ ಯಾವಾಗ ಹಾಕ್ತೀರಿ?”

 ಎಲ್ಲಿಂದಲೋ, ಬಹಳ ಹಿಂದಿನಿಂದ, ಆ ನಗು ಅವನ ಕಿವಿಗೆ ಬಂತು. ಮೊದಲು ಬಾಗಿಲ ಹತ್ತಿರದವರು, ಆಮೇಲೆ ಮೆಟ್ಟಿಲ ಮೇಲಿನವರು, ಆಮೇಲೆ ಇಡೀ ಹಾಲ್, ಗ್ಲಾಸುಗಳು ಅಲುಗುವ ಹಾಗೆ. ಅದು ಅವಳ ಮಾತಿಗೆ ಬಿದ್ದ ನಗು. ತನ್ನ ಬದುಕಿನ ಅತಿ ದೊಡ್ಡ ನಗುವೆಂದು ಅವನು ಮೂವತ್ತು ವರ್ಷ ಇಟ್ಟುಕೊಂಡಿದ್ದು, ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು, ಅವಳದು. ಆಮೇಲೆ ನಡೆದದ್ದೂ ಈಗ ನೆನಪಾಯಿತು, ಬೇಡವೆಂದರೂ ನೆನಪಾಯಿತು. ಜನ ಇನ್ನೂ ನಗುತ್ತಿದ್ದಾಗ, ಅವಳು ಮತ್ತೆ ಬಾಯಿ ತೆರೆದದ್ದು. ತಾನು ಮೈಕನ್ನು ಅವಳ ಬಾಯಿಯ ಮುಂದಿನಿಂದ ಕಿತ್ತುಕೊಂಡು ಬೆನ್ನು ತಿರುಗಿಸಿ ಹಾಡುವವಳನ್ನು ಕರೆದದ್ದು.

 ಇಷ್ಟು ವರ್ಷ ಒಂದು ದೊಡ್ಡ ತಪ್ಪನ್ನು ಎದೆಯಲ್ಲಿಟ್ಟುಕೊಂಡು ಕೊರಗುತ್ತಿದ್ದೇನೆಂದು ತಿಳಿದಿದ್ದ. ಅದರಲ್ಲೂ ಒಂದು ಬಗೆಯ ದೊಡ್ಡಸ್ತಿಕೆ ಇತ್ತು. ಈಗ ನೋಡಿದರೆ ಅವನು ಮಾಡಿದ್ದು ಬೇರೆಯೇ ತಪ್ಪು, ಚಿಕ್ಕದು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಅವಳಿಗೆ ಬೇಜಾರಾಯಿತೇ ಎಂದು ಕೇಳಿದ. ಬಸ್ಸಿನಲ್ಲಿ ಅತ್ತುಬಿಟ್ಟೆ ಎಂದು ಅವಳು ಸುಮ್ಮನೆ ಹೇಳಿದಳು. ಲಾಂಡ್ರಿಯವಳು ಎಂದದ್ದಕ್ಕೆ ಅಲ್ಲವಂತೆ. ಲಾಂಡ್ರಿಯವರೂ ಮನುಷ್ಯರೇ.

“ಇನ್ನೊಂದು ಮಾತಿತ್ತು ಕಣೋ ನನ್ನ ಹತ್ರ,” ಎಂದಳು. “ಇನ್ನೂ ಚೆನ್ನಾಗಿತ್ತು.”

ಆ ಮೊದಲ ಮಾತನ್ನು ಮರೆಯದಂತೆ ಉಳಿಸಿದವನು ಡ್ರಮ್ಮಿನವನಂತೆ. ಅವನು ವಾರಕ್ಕೊಮ್ಮೆ ಹಗಲು ಹೊತ್ತು ಬರುತ್ತಿದ್ದ, ನವಿಲು ಮಲಗಿರುವಾಗ, ಕ್ಲಬ್ಬು ಬಿಟ್ಟಮೇಲೆ ಅವನ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ. ಬಂದವನು ಕಿಟಕಿಯ ಹತ್ತಿರ ಕೂತು ಕಾಫಿ ಕುಡಿದು, ಅಕ್ಕ, ಆ ಲಾಂಡ್ರಿ ಮಾತು ಒಂದ್ಸಲ ಹೇಳಿ ಎನ್ನುತ್ತಿದ್ದ. ಅವಳು ಸುತ್ತ ಯಾರೂ ಇಲ್ಲವೆಂದು ನೋಡಿ ಹೇಳುತ್ತಿದ್ದಳು. ಅವನು ಕತ್ತರಿಯ ಹಿಡಿಯಿಂದ ಖಾಲಿ ಲೋಟಕ್ಕೆ ಟಣ್ ಎಂದು ಒಂದೇಟು ಹೊಡೆದು, ಹೊಟ್ಟೆ ಹಿಡಿದುಕೊಂಡು ನಕ್ಕು, ಎದ್ದು ಹೋಗುತ್ತಿದ್ದ. ಮೂವತ್ತು ವರ್ಷ. ಒಳಗಿನ ಕೋಣೆಯಲ್ಲಿ ಪರದೆ ಎಳೆದು ಮಲಗಿದವನ ನಿದ್ದೆಯಲ್ಲಿ ಆ ಟಣ್ ಎಷ್ಟೋ ಸಲ ಬಂದಿತ್ತು. ಕನಸಿನಲ್ಲೂ ಯಾರೋ ತನ್ನ ಜೋಕಿಗೇ ತಾಳ ಹಾಕುತ್ತಿದ್ದಾರೆಂದು ಅವನು ತಿಳಿದುಕೊಂಡಿದ್ದ. ಅವನು ಹೋದ ಮೇಲೆ ಹೇಳು ಅನ್ನೋರು ಯಾರಿದ್ದಾರೆ ಎಂದು ಅಕ್ಕ ಹಾಳೆಗಳನ್ನು ಜೋಡಿಸುತ್ತ ಅಂದಳು. ದೂರಿನ ದನಿಯಲ್ಲಿ ಅಲ್ಲ. ಡ್ರಮ್ಮಿನವನು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಯಾರದೋ ನೀಲಿ ಪ್ಯಾಂಟು ಕೂತಿತ್ತು.

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಅವನು ಹೊಸ ಪೆನ್ಸಿಲು ತಂದ. ಪುಟ ಕದಲಬಾರದು, ಎಷ್ಟು ಸೇರಿಸುತ್ತೀರೋ ಅಷ್ಟೇ ತೆಗೆಯಿರಿ ಎಂದು ಪ್ರೆಸ್ಸಿನ ಮಾಲೀಕರು ಕಟ್ಟಪ್ಪಣೆ ಮಾಡಿದ್ದರು. ಅದನ್ನು ಹೇಳಿದಾಗ ಅಕ್ಕನಿಗೆ ಹುರುಪು ಬಂತು. ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಡುವುದು ಅವಳ ಕೈಗೆ ಬಂದ ಕೆಲಸ. ಕೊರಳಿನ ಟೇಪು ತೆಗೆದು ಅಚ್ಚಿನ ಸಾಲುಗಳ ಮೇಲೆ ಹಾಸಿದಳು. ಒಕ್ಕಣ್ಣಿನ ದರ್ಜಿ, ಅವನ ಕಣ್ಣು, ಅವನ ರಾಜರು, ಎಲ್ಲ ಸೇರಿ ಒಂಬತ್ತು ಸಾಲು. ಅವನು ಎಲ್ಲಕ್ಕೂ ಅಡ್ಡಗೆರೆ ಎಳೆದ. ಅಷ್ಟು ಜಾಗಕ್ಕೆಂದು ಪ್ರಸಂಗದ ಕೊನೆಗೆ ಅವನು ಮೊದಲು ಬರೆದದ್ದು ಹದಿನೇಳು ಸಾಲಾಯಿತು: ತನ್ನ ಅಹಂಕಾರ, ತನ್ನ ಪಶ್ಚಾತ್ತಾಪ, ಮೂವತ್ತು ವರ್ಷದ ಕೊರಗು. ಓದಿ ಹೇಳಿದ. ಅಕ್ಕ ಕೇಳಿ ಮೂಗು ಮುರಿದಳು. ಇಷ್ಟುದ್ದ ಗೋಳಾಡಿದರೆ ಜನ ನಗುವುದು ಯಾವಾಗ ಎಂದಳು. ನನ್ನ ಅಕ್ಕ ಎಂದು ಬರೆ, ಅವಳೇ ಎಲ್ಲ ಕೋಟು ಹೊಲಿದದ್ದೆಂದು ಬರೆ, ಮೈಕು ಕಿತ್ತುಕೊಂಡದ್ದನ್ನು ಮೊದಲೇ ಹೇಳಿ ಮುಗಿಸು, ಕೊನೆಗೆ ನನ್ನ ಮಾತು, ಅದಾದ ಮೇಲೆ ಒಂದಕ್ಷರವೂ ಬರೆಯಬೇಡ. ಇಪ್ಪತ್ತೆರಡು ವರ್ಷ ಇದೇ ಹೊಟ್ಟೆಪಾಡು ಮಾಡಿದವನು ಅವಳ ಮುಖವನ್ನೇ ನೋಡಿದ. ಜೋಕು ಎಲ್ಲಿ ನಿಲ್ಲಬೇಕೆಂದು ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಕ ಎಂದು ಬರೆಯುವ ಮುನ್ನ ಮಾತ್ರ ಅವನ ಕೈ ತಡೆಯಿತು. ನಿನ್ನ ಜೊತೆ ಪ್ರಾರ್ಥನೆಗೆ ಕೂರುವ ಗೆಳತಿಯರ ವಿಚಾರ ಏನು ಮಾಡುತ್ತೀಯ ಎಂದು ಕೇಳಿದ. ತಮ್ಮನಿಗೆ ಟೆಲಿಫೋನ್ ಆಫೀಸಿನಲ್ಲಿ ರಾತ್ರಿ ಪಾಳಿ ಎಂದು ಅವಳು ಅವರಿಗೆಲ್ಲ ಹೇಳಿಕೊಂಡು ಬಂದಿದ್ದು ಅವನಿಗೆ ಗೊತ್ತಿತ್ತು.  ಅಕ್ಕ ಸೂಜಿಗೆ ದಾರ ಪೋಣಿಸಲು ಹೋಗಿ, ತಪ್ಪಿ, ಮತ್ತೆ ಪೋಣಿಸಿದಳು. ಅವಳ ತುಟಿ ಅಲುಗುತ್ತಿತ್ತು. ತನ್ನ ದೇವರ ಹತ್ತಿರ ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಿತು, ಉತ್ತರ ಬರುವವರೆಗೆ ಕಾದ.

“ಬರಿ,” ಎಂದಳು. “ಅಷ್ಟು ವರ್ಷ ದೇವರ ಮುಂದೆ ಕೂತೇ ಸುಳ್ಳು ಹೇಳಿದೀನಿ. ಆ ಆಫೀಸು ಇವತ್ತಿಗೆ ಮುಚ್ಚಿಹೋಯ್ತು ಅಂದ್ಕೋ.”

ಒಂಬತ್ತು ಸಾಲಿಗೆ ಸರಿಯಾಗಿ ಬಂತು. ಅಕ್ಕ ಟೇಪು ಹಿಡಿದು ನೋಡಿ, ಕೊನೆಯಲ್ಲಿ ಅರ್ಧ ಬೆರಳು ಸಡಿಲ ಇದೆ, ಇರಲಿ, ಉಸಿರಾಡಲಿ ಎಂದಳು. ಉಳಿದ ಅಧ್ಯಾಯಗಳನ್ನು ಊಟವನ್ನೂ ಮರೆತು ಓದಿ ಮುಗಿಸಿದರು.

ಪ್ರೆಸ್ಸಿಗೆ ಹೋಗುವಾಗ ಬಸ್ಸಿನಲ್ಲಿ ಅವನು ಕಟ್ಟನ್ನು ತೊಡೆಯ ಮೇಲೆ ಎರಡು ಕೈಯಿಂದ ಹಿಡಿದು ಕೂತ. ಅವಳು ಅತ್ತದ್ದು ಇದೇ ದಾರಿಯ ಬಸ್ಸಿನಲ್ಲಿರಬೇಕು. ಖಾಲಿ ಗಂಟಿನ ಬಟ್ಟೆ ಮಡಿಸಿ ಇಟ್ಟುಕೊಂಡು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಇದೇ ಸೇತುವೆ ದಾಟಿ. ಕಿಟಕಿಯಿಂದ ಹಳೆಯ ಕ್ಲಬ್ಬಿನ ಕಟ್ಟಡ ಕಂಡಿತು. ಈಗ ಅಲ್ಲಿ ಟೈಲ್ಸು ಮಾರುತ್ತಾರೆ. ಬಾಗಿಲ ಮುಂದೆ ಯಾರೋ ಒಂದು ಟೈಲನ್ನು ಬೆರಳಿನಿಂದ ತಟ್ಟಿ ಸದ್ದು ನೋಡುತ್ತಿದ್ದ. ಅವನಿಗೆ ಅಳುವೂ ಬರಲಿಲ್ಲ, ಹಿಂದಿನಂತೆ ಎದೆ ಹಿಂಡಲೂ ಇಲ್ಲ. ಆ ಇನ್ನೊಂದು ಮಾತು ಏನಿರಬಹುದು ಎಂಬ ಕುತೂಹಲವೊಂದೇ ಚಿಕ್ಕ ಮಕ್ಕಳಿಗೆ ಆಗುವ ಹಾಗೆ ಆಗುತ್ತಿತ್ತು. ಯಾರ ಮಾತಿಗಾಗಿಯೂ ಅವನು ಹೀಗೆ ಕಾದದ್ದೇ ಇಲ್ಲ. ಇನ್ನೊಬ್ಬರು ಮಾತಾಡುವಾಗ ಅವನು ತನ್ನ ಮುಂದಿನ ಮಾತನ್ನು ಜೋಡಿಸಿಕೊಳ್ಳುತ್ತಿದ್ದ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮಾಲೀಕರು ಒಂಬತ್ತನೆ ಅಧ್ಯಾಯದ ಅಡ್ಡಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಪುಟಗಳನ್ನು ಕಂಪ್ಯೂಟರಿನ ಹೆಂಗಸಿನ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಕೊಂಡು ತಿದ್ದಮ್ಮ ಎಂದರು. ಅವಳು ಓದುತ್ತ, ಟೈಪು ಮಾಡುತ್ತ ಬಂದಳು. ಅವನು ಕಾಗದದ ರೀಮುಗಳ ಪಕ್ಕದಲ್ಲಿ ನಿಂತು, ಮೊದಲ ಸಲ ಪರದೆಯ ಹಿಂದೆ ನಿಂತವರಂತೆ, ಬೆವರುವ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒಳಗಿರೋರನ್ನ ಒಗೆಯೋಕೆ ಎಂಬಲ್ಲಿ ಅವಳ ಬೆರಳು ನಿಂತಿತು. ಅವಳು ನಕ್ಕಳು. ಮಾಲೀಕರು ಏನೆಂದು ಬಗ್ಗಿ ನೋಡಿ, ಒಂದು ಗಳಿಗೆ ತಡೆದು, ಮೇಜಿಗೆ ಎರಡೂ ಕೈ ಊರಿ ನಗತೊಡಗಿದರು. ಕಟಿಂಗ್ ಮೆಷಿನ್ನಿನವನು ಮೆಷಿನ್ನು ನಿಲ್ಲಿಸಿ ಬಂದ, ಅವನಿಗೂ ಓದಿ ಹೇಳಿದರು, ಅವನೂ ನಕ್ಕ. ನಿಮ್ಮ ಅಕ್ಕ ಇದ್ದಾರಾ ಸಾರ್ ಎಂದು ಕಂಪ್ಯೂಟರಿನ ಹೆಂಗಸು ಕೇಳಿದಳು. ಇದ್ದಾಳೆ, ಹೊಲಿಯುತ್ತಿದ್ದಾಳೆ ಎಂದು ಅವನು ಹೇಳಿದ. ಇಷ್ಟು ಹೊತ್ತು ತಾನು ಒಂದು ಮಾತೂ ಆಡಿರಲಿಲ್ಲವೆಂದು ಆಗ ಅವನ ಗಮನಕ್ಕೆ ಬಂತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ತಲೆಯೆತ್ತದೆ ಯಂತ್ರ ತುಳಿಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ನಕ್ಕರು ಎಂದ.

ಯಂತ್ರ ನಿಂತಿತು. “ಎಷ್ಟು ಜೋರಾಗಿ?”

ಅವನು ಎಲ್ಲವನ್ನೂ ಕ್ರಮವಾಗಿ ಹೇಳಬೇಕಾಯಿತು. ಮೊದಲು ನಕ್ಕವರು ಯಾರು, ಅವರು ಎಲ್ಲಿ ಕೂತಿದ್ದರು, ಮಾಲೀಕರು ಮೇಜಿಗೆ ಒಂದು ಕೈ ಊರಿದರೋ ಎರಡೋ, ಮೆಷಿನ್ನಿನವನು ತಾನಾಗಿ ನಕ್ಕನೋ ಬೇರೆಯವರು ನಕ್ಕರೆಂದು ನಕ್ಕನೋ. ಅವಳಿಗೆ ಸಮಾಧಾನವಾಗುವವರೆಗೆ ಹೇಳಿ, ಅವನು ಸ್ಟೂಲಿನ ಮೇಲಿನ ನೀಲಿ ಪ್ಯಾಂಟನ್ನು ಎತ್ತಿ ಗೋಡೆಗೆ ಹಾಕಿ, ಅಲ್ಲಿ ಕೂತ. ಅವಳು ಕುಡಿದಿಟ್ಟ ಕಾಫಿಯ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ, ಕತ್ತರಿಯನ್ನು ಕೈಗೆ ತೆಗೆದುಕೊಂಡ.

“ಆ ಇನ್ನೊಂದು ಮಾತು ಹೇಳಕ್ಕ,” ಎಂದ.

ಅಕ್ಕ ಅವನ ಕೈಯಲ್ಲಿದ್ದ ಕತ್ತರಿ ನೋಡಿದಳು, ಲೋಟ ನೋಡಿದಳು. ಕಿಟಕಿಯಿಂದ ಬಗ್ಗಿ ಬೀದಿಯಲ್ಲಿ ಯಾರೂ ಗಿರಾಕಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಬಟ್ಟೆ ಸರಿಮಾಡಿಕೊಂಡು ಎದ್ದು ನಿಂತಳು. ಮೊದಲು ಹಳೆಯ ಮಾತನ್ನೇ ಹೇಳಿ, ಇಡೀ ಹಾಲ್ ನಕ್ಕು ಮುಗಿಸಲು ಬೇಕಾಗುವಷ್ಟು ಹೊತ್ತು ಬಿಟ್ಟು, ಗಂಟಲು ಸರಿಮಾಡಿಕೊಂಡಳು.

“ಆದ್ರೆ ಬಣ್ಣ ಹೋದ್ರೆ ನಾನು ಜವಾಬ್ದಾರಳಲ್ಲ ಸ್ವಾಮಿ.”

ಅವನು ನಕ್ಕ. ಮೊದಲು ಹೊಟ್ಟೆಯಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಕಣ್ಣಿನಲ್ಲಿ ನೀರು ಬರುವ ಹಾಗೆ. ಕತ್ತರಿ ಕೈಯಲ್ಲಿರುವುದೇ ಮರೆತುಹೋಗಿ, ನೆನಪಾಗಿ, ಲೋಟಕ್ಕೆ ಟಣ್ ಎಂದು ಹೊಡೆದ.

“ತಡ ಆಯ್ತು,” ಎಂದಳು ಅಕ್ಕ. “ಇನ್ನೊಂದ್ಸಲ ಹೇಳ್ತೀನಿ, ಸರಿಯಾಗಿ ಹೊಡಿ.”